ಕಿಟ್ಟೆಲ್ ಅಂದರೆ ಅಂಗಿ

ಪ್ರಿಯ ಓದುಗರೇ,

ನಾನು ಜರ್ಮನಿಗೆ ಬಂದ ಮೊದಲ ವಾರದ ಮಾತು. ಲ್ಯಾಬಿನ ಬಾಗಿಲ ಮೇಲೆ ಒಂದು ಫಲಕ ಇತ್ತು: ‘ಕಿಟ್ಟೆಲ್‌ಫ್ಲಿಖ್ಟ್’. ಆಗ ನನಗೆ ಜರ್ಮನ್ ಬರುತ್ತಿರಲಿಲ್ಲ. ಆದರೆ ಆ ಪದದ ಮೊದಲರ್ಧ ಓದಿ ಅಲ್ಲೇ ನಿಂತುಬಿಟ್ಟೆ. ಕನ್ನಡ ನಿಘಂಟು ಬರೆದ ನಮ್ಮ ಕಿಟ್ಟೆಲ್ ಹೆಸರು ಇಲ್ಲಿ ಯಾಕಿದೆ? ಜೊತೆಗಿದ್ದವರು ಗೂಟದಿಂದ ಒಂದು ಬಿಳಿ ಕೋಟು ತೆಗೆದು ನನ್ನ ಕೈಗಿಟ್ಟರು. “ಇದೇ ಕಿಟ್ಟೆಲ್. ಹಾಕಿಕೊಳ್ಳದೆ ಒಳಗೆ ಬರಬಾರದು” ಎಂದರು. ಫಲಕದ ಅರ್ಥವೂ ಅಷ್ಟೇ, ಕೋಟು ಕಡ್ಡಾಯ ಅಂತ.

ನಾನು ಎಂ.ಎಸ್ಸಿ. ಓದಿದ್ದು ಧಾರವಾಡದಲ್ಲಿ. ಅಲ್ಲಿ ಕಿಟ್ಟೆಲ್ ಅನ್ನೋದು ದಿನಾ ಬಾಯಲ್ಲಿ ಬರುವ ಹೆಸರು. ಊರಲ್ಲಿ ಕಿಟ್ಟೆಲ್ ಕಾಲೇಜು ಇದೆ. ಗ್ರಂಥಾಲಯದಲ್ಲಿ ಎರಡು ಕೈಯಲ್ಲಿ ಎತ್ತಬೇಕಾದಂಥ ಕಿಟ್ಟೆಲ್ ಕೋಶ ಇತ್ತು. ನಮ್ಮ ಮೇಜಿನ ಮೇಲೆ ಸಾಲಿಡ್ ಸ್ಟೇಟ್ ಫಿಸಿಕ್ಸಿನ ಕಿಟ್ಟೆಲ್ ಇತ್ತು. ಅದು 1953ರಲ್ಲಿ ಮೊದಲು ಬಂದ ಪಠ್ಯ, ಬರೆದವರು ಅಮೆರಿಕದ ಚಾರ್ಲ್ಸ್ ಕಿಟ್ಟೆಲ್. ಆ ಹೆಸರಿಗೆ ಒಂದು ಅರ್ಥ ಇರಬಹುದು ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕಿವಿಗೆ ಅದು ಕಿಟ್ಟಣ್ಣ, ಕಿಟ್ಟಪ್ಪನ ಹಾಗೇ ಕೇಳುತ್ತಿತ್ತು. ಜರ್ಮನರು ಟಕಾರವನ್ನು ನಮ್ಮಷ್ಟು ಒತ್ತುವುದಿಲ್ಲ, ‘ಕಿಟ್‌ಲ್’ ಎಂದು ಮುಗಿಸುತ್ತಾರೆ. ಅವರ ಬರವಣಿಗೆಯಲ್ಲಿ ಎರಡು ಟ ಇರುವುದು ಹಿಂದಿನ ಸ್ವರ ಗಿಡ್ಡ ಎಂದು ತೋರಿಸಲು ಮಾತ್ರ. ನಾವು ಬರೆದ ಹಾಗೇ ಓದಿದೆವು, ಹೆಸರು ನಮ್ಮದಾಯಿತು.

ಒಬ್ಬರು ನಮ್ಮ ಭಾಷೆಯ ಸುಮಾರು 70,000 ಪದಗಳ ಅರ್ಥ ಬರೆದಿಟ್ಟು ಹೋದರು. ಅವರ ಹೆಸರಿನ ಒಂದು ಪದದ ಅರ್ಥ ನಾನು ಹುಡುಕದೆ ಇರೋದು ಹೇಗೆ? ಹಾಗೆ ಹುಡುಕಿ ತಿಳಿದದ್ದನ್ನು ಈ ರಾಜ್ಯೋತ್ಸವದ ಸಂಚಿಕೆಯಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಿಟ್ಟೆಲ್ ಹಳೆಯ ಪದ. ಮಧ್ಯಕಾಲದ ಜರ್ಮನ್‌ನಲ್ಲೇ ಇತ್ತು. ಉಳಿದ ಬಟ್ಟೆಯ ಮೇಲೆ ಹಾಕಿಕೊಳ್ಳುವ ಹಗುರವಾದ, ಸಡಿಲವಾದ ಅಂಗಿಗೆ ಆ ಹೆಸರು. ಹೊಲದಲ್ಲಿ ಗೇಯುವವರು, ಗಾಡಿ ಹೊಡೆಯುವವರು ತೊಡುತ್ತಿದ್ದ ಕೆಲಸದ ಬಟ್ಟೆ ಅದು. ಹತ್ತಿಗೆ ಅರಬ್ಬಿಯಲ್ಲಿ ‘ಕುತ್ನ್’ ಎನ್ನುತ್ತಾರೆ, ಇಂಗ್ಲಿಷಿನ ಕಾಟನ್ ಅದರಿಂದಲೇ ಬಂತು. ಕಿಟ್ಟೆಲ್ ಕೂಡ ಅಲ್ಲಿಂದಲೇ ಬಂದಿರಬಹುದು ಎಂದು ಕೆಲವು ವಿದ್ವಾಂಸರ ಊಹೆ. ಇವತ್ತಿಗೂ ಡಾಕ್ಟರರ ಕೋಟು ‘ಆರ್ಟ್ಸ್‌ಕಿಟ್ಟೆಲ್’. ಅಜ್ಜಿಯರು ಮನೆಯಲ್ಲಿ ತೊಡುವ, ತೋಳಿಲ್ಲದ, ಮುಂದೆ ಗುಂಡಿ ಇರುವ ಹೂವಿನ ಬಟ್ಟೆ ‘ಕಿಟ್ಟೆಲ್‌ಶ್ಯುರ್ಟ್ಸೆ’. ಮನೆಗೆಲಸದ ಹೊತ್ತಿಗೆ ನಮ್ಮಲ್ಲಿ ನೈಟಿ ಇದ್ದ ಹಾಗೆ.

ಇಂಥ ಅಂಗಿ ಹೊಲಿಯುತ್ತಿದ್ದವನನ್ನೋ, ಯಾವಾಗಲೂ ಅದನ್ನೇ ತೊಡುತ್ತಿದ್ದವನನ್ನೋ ಊರವರು ಕಿಟ್ಟೆಲ್ ಎಂದು ಕರೆದರು. ಒಂದೇ ಊರಲ್ಲಿ ಹತ್ತು ಜನ ಹಾನ್ಸ್ ಇದ್ದರೆ ಗುರುತಿಗೆ ಏನಾದರೂ ಬೇಕಲ್ವಾ? ಅದು ಮಕ್ಕಳಿಗೂ ಅಂಟಿತು. ಕಿಟ್ಟೆಲ್‌ಮನ್ ಎನ್ನುವ ಹೆಸರೂ ಹೀಗೇ ಬಂದದ್ದು. ಇದನ್ನು ಓದುವಾಗ ಧಾರವಾಡದ ಹಾಸ್ಟೆಲ್ಲಿನ ಹಾಜರಿ ಪುಸ್ತಕ ಕಣ್ಣ ಮುಂದೆ ಬಂತು. ಅಂಗಡಿ, ಬಡಿಗೇರ, ಕಮ್ಮಾರ, ಬೆಲ್ಲದ, ಮೆಣಸಿನಕಾಯಿ, ಕಂಬಳಿ. ಮತ್ತೆ ಕುಬಸದ! ಕುಬಸ ಅಂದರೆ ಕುಪ್ಪಸ. ಕಿಟ್ಟೆಲ್ ಮತ್ತು ಕುಬಸದ, ಎರಡೂ ತೊಡುವ ಬಟ್ಟೆಯಿಂದ ಬಂದ ಮನೆತನದ ಹೆಸರು. ಇದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಕಿಟ್ಟೆಲ್ ಇಲ್ಲಿ ತೀರ ಸಾಮಾನ್ಯವಾದ ಹೆಸರಲ್ಲ. ಮೊದಲ ಸ್ಥಾನ ಗಿರಣಿಯವನಾದ ಮ್ಯುಲ್ಲರ್‌ಗೆ. ಆಮೇಲೆ ಕಮ್ಮಾರ ಶ್ಮಿಟ್, ದರ್ಜಿ ಶ್ನೈಡರ್, ಬೆಸ್ತ ಫಿಷರ್, ನೇಕಾರ ವೇಬರ್. ಕಿಟ್ಟೆಲ್ ಹೆಸರಿನವರು ಜಾಸ್ತಿ ಇದ್ದದ್ದು ಪೂರ್ವದ ಕಡೆ, ಸ್ಯಾಕ್ಸನಿ, ಸಿಲೇಸಿಯಾ, ಉತ್ತರ ಬೊಹೀಮಿಯಾದಲ್ಲಿ. ಎರಡನೇ ಮಹಾಯುದ್ಧದ ಕೊನೆಗೆ ಸಿಲೇಸಿಯಾದ ಬಹುಭಾಗ ಪೋಲೆಂಡಿಗೆ ಹೋಯಿತು. ಅಲ್ಲಿನ ಜರ್ಮನರನ್ನು ಹೊರಗಟ್ಟಲಾಯಿತು. ಜನರ ಜೊತೆ ಹೆಸರುಗಳೂ ಪಶ್ಚಿಮಕ್ಕೆ ಬಂದವು. ಇವತ್ತಿನ ಹುಡುಗರನ್ನು ಕೇಳಿದರೆ ಸೈಕಲ್ ಓಟಗಾರ ಮಾರ್ಸೆಲ್ ಕಿಟ್ಟೆಲ್ ಹೆಸರು ಹೇಳುತ್ತಾರೆ. ಟೂರ್ ಡಿ ಫ್ರಾನ್ಸ್‌ನಲ್ಲಿ 14 ಹಂತ ಗೆದ್ದವರು ಅವರು. ನಮ್ಮ ಕಿಟ್ಟೆಲ್ಲರ ಬಗ್ಗೆ ನಾನೇ ಹೇಳಬೇಕಾಗುತ್ತದೆ, ಸಿಕ್ಕವರಿಗೆಲ್ಲ ಹೇಳುತ್ತೇನೆ.

ನಮ್ಮ ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು ಪೂರ್ವದಲ್ಲಲ್ಲ. 1832ರ ಏಪ್ರಿಲ್ 7ರಂದು, ಉತ್ತರ ಸಮುದ್ರದ ದಂಡೆಯ ಈಸ್ಟ್ ಫ್ರಿಸಿಯಾದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ಆ ಸೀಮೆಯಲ್ಲಿ ಕಿಟ್ಟೆಲ್ ಅಪರೂಪದ ಹೆಸರು, ಯಾಕೆಂದರೆ ಅಲ್ಲಿಯವರಿಗೆ ಮನೆತನದ ಹೆಸರಿನ ರೂಢಿಯೇ ಅಷ್ಟಾಗಿ ಇರಲಿಲ್ಲ. ಯಾನ್ ಎಂಬವನ ಮಗ ಹಾರ್ಮ್ ಹುಟ್ಟಿದರೆ ಅವನು ಹಾರ್ಮ್ ಯಾನ್ಸನ್. ಆ ಹಾರ್ಮ್‌ಗೆ ಮಗ ಹುಟ್ಟಿದರೆ ಅವನ ಹೆಸರಿನ ಕೊನೆಗೆ ಹಾರ್ಮ್ಸ್. ತಲೆಮಾರು ಬದಲಾದಂತೆ ಹೆಸರೂ ಬದಲಾಗುತ್ತಿತ್ತು. 1811ರಲ್ಲಿ, ಆ ಸೀಮೆ ಫ್ರೆಂಚರ ಕೈಯಲ್ಲಿದ್ದಾಗ, ಎಲ್ಲರೂ ಕಾಯಂ ಆದ ಒಂದು ಮನೆತನದ ಹೆಸರು ಇಟ್ಟುಕೊಳ್ಳಬೇಕೆಂದು ನೆಪೋಲಿಯನ್ ಆಜ್ಞೆ ಹೊರಡಿಸಿದ. ಜನ ಸುಲಭಕ್ಕೆ ಒಪ್ಪಲಿಲ್ಲ. ಹಳೆಯ ರೂಢಿ ಎಷ್ಟೋ ಕಾಲ ನಡೆಯಿತು.

ಇದು ಥೇಟ್ ನಮ್ಮ ಇನಿಷಿಯಲ್ ಲೆಕ್ಕ. ನಾನು ತುಮಕೂರು ಕಡೆಯವನು. ನಮ್ಮ ಮನೆಯಲ್ಲಿ ಯಾರಿಗೂ ಅಡ್ಡಹೆಸರಿಲ್ಲ, ಹೆಸರಿನ ಮುಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ ಅಷ್ಟೇ. ಇಲ್ಲಿಗೆ ಬಂದಾಗ ಒಂದು ಕಚೇರಿಯಲ್ಲಿ ಅರ್ಜಿಯ ಅಡ್ಡಹೆಸರಿನ ಜಾಗ ಖಾಲಿ ಬಿಡುವಂತಿಲ್ಲ ಎಂದರು. ಅಪ್ಪನ ಹೆಸರು ಬರೆದೆ. ಅಂದಿನಿಂದ ಕೆಲಸದಲ್ಲಿ, ಬ್ಯಾಂಕಿನಲ್ಲಿ, ಮಗಳ ಶಾಲೆಯಲ್ಲಿ ಎಲ್ಲರೂ ನನ್ನನ್ನು ಅಪ್ಪನ ಹೆಸರಿನಿಂದಲೇ ಕರೆಯುತ್ತಾರೆ. ಮಗಳ ಹೆಸರಿನ ಕೊನೆಗೆ ಇರುವುದು ಅವಳ ತಾತನ ಹೆಸರು. ಮೊದಮೊದಲು ಇದು ಬಹಳ ಚುಚ್ಚುತ್ತಿತ್ತು. ಈ ದೇಶದಲ್ಲಿ ಹೆಸರಿನ ಬಗ್ಗೆ ನಮ್ಮ ಹಾಗೆ ಯೋಚಿಸಿದವರು ಒಬ್ಬರೂ ಇಲ್ಲ ಅಂದುಕೊಂಡಿದ್ದೆ. ಫ್ರಿಸಿಯಾದ ಯಾನ್, ಹಾರ್ಮ್‌ರ ಕಥೆ ಓದಿದ ಮೇಲೆ ಆ ಭಾವ ಹೋಯಿತು. 2025ರ ಮೇ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಫ್ರಿಸಿಯನ್ನರು ಮತ್ತೆ ತಂದೆ ಅಥವಾ ತಾಯಿಯ ಹೆಸರಿನಿಂದ ಮಗುವಿನ ಅಡ್ಡಹೆಸರು ಕಟ್ಟಬಹುದು. ನೆಪೋಲಿಯನ್ ನಿಲ್ಲಿಸಿದ್ದು ಇನ್ನೂರು ಚಿಲ್ಲರೆ ವರ್ಷದ ಮೇಲೆ ವಾಪಸ್ ಬಂದಿದೆ.

ಇನ್ನೊಂದು ಸಂಗತಿ ಬರೆಯಲು ಮನಸ್ಸು ಭಾರವಾಗುತ್ತದೆ, ಆದರೂ ಬಿಡಲಾರೆ. ಯಹೂದಿಗಳಲ್ಲೂ ಕಿಟ್ಟೆಲ್ ಇದೆ. ಜರ್ಮನ್‌ನಿಂದ ಯಿಡ್ಡಿಷ್‌ಗೆ ಹೋದ ಇದೇ ಪದ. ಬಿಳಿಯ ನಿಲುವಂಗಿ ಅದು. ಮದುವೆಯ ದಿನ ವರ ತೊಡುತ್ತಾನೆ, ಯೋಮ್ ಕಿಪ್ಪುರ್ ಎಂಬ ದೊಡ್ಡ ಉಪವಾಸದ ದಿನ ತೊಡುತ್ತಾರೆ, ಸತ್ತಾಗ ಅದನ್ನೇ ಉಡಿಸಿ ಮಣ್ಣು ಮಾಡುತ್ತಾರೆ. ಈಗ ಟ್ಯೂಬಿಂಗನ್ ಊರಿಗೆ ಬನ್ನಿ. ನಮ್ಮ ಕಿಟ್ಟೆಲ್ 1903ರ ಡಿಸೆಂಬರ್ 18ರಂದು ತೀರಿಕೊಂಡದ್ದು ಅಲ್ಲಿ. ಕನ್ನಡ ಕೋಶಕ್ಕಾಗಿ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದೂ ಅಲ್ಲಿನ ವಿಶ್ವವಿದ್ಯಾಲಯವೇ. ಅದೇ ವಿಶ್ವವಿದ್ಯಾಲಯಕ್ಕೆ 1926ರಲ್ಲಿ ಗೆರ್ಹಾರ್ಡ್ ಕಿಟ್ಟೆಲ್ ಎಂಬ ಪ್ರೊಫೆಸರ್ ಬಂದರು. ಅವರ ಹೆಸರೂ ಒಂದು ದೊಡ್ಡ ಕೋಶದ ಮೇಲಿದೆ, ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಕೋಶ. ಆದರೆ 1933ರಲ್ಲಿ ಅವರು ನಾಜಿ ಪಕ್ಷ ಸೇರಿದರು, ಯಹೂದಿಗಳ ವಿರುದ್ಧ ಬರೆದರು. ಯುದ್ಧ ಮುಗಿದ ಮೇಲೆ ಫ್ರೆಂಚರು ಅವರನ್ನು ಬಂಧಿಸಿದರು. ಹೆಸರು ಒಂದೇ, ಊರು ಒಂದೇ, ಇಬ್ಬರದೂ ಕೋಶದ ಕೆಲಸ. ಒಬ್ಬರು 1853ರಲ್ಲಿ ಬಾಸೆಲ್ ಮಿಷನ್ನಿನಿಂದ ನಮ್ಮ ನಾಡಿಗೆ ಬಂದು, ಮಂಗಳೂರು, ಮಡಿಕೇರಿ, ಧಾರವಾಡದಲ್ಲಿದ್ದು, ನಮ್ಮ ಜನರ ಬಾಯಿಂದ ಗಾದೆ, ಪದ ಕೇಳಿ ಕೇಳಿ ಬರೆದುಕೊಂಡರು. ಇನ್ನೊಬ್ಬರು ತಮ್ಮದೇ ಊರಿನ ನೆರೆಯವರನ್ನು ದೂರ ತಳ್ಳಿದರು. ಟ್ಯೂಬಿಂಗನ್‌ಗೆ ಹೋದಾಗಲೆಲ್ಲ ಇಬ್ಬರೂ ನನ್ನ ನೆನಪಿಗೆ ಬರುತ್ತಾರೆ.

ಮುಂದಿನ ಸಂಚಿಕೆಗೆ ನಿಮ್ಮಿಂದ ಒಂದು ಸಹಾಯ ಬೇಕು. ನಿಮ್ಮ ಮನೆತನದ ಹೆಸರಿನ ಅರ್ಥ, ಅದು ಬಂದ ಬಗೆ ನಾಲ್ಕು ಸಾಲಲ್ಲಿ ಬರೆದು ಕಳಿಸಿ. ಅಡ್ಡಹೆಸರು ಇಲ್ಲದವರು ಇಲ್ಲಿನ ಅರ್ಜಿಯಲ್ಲಿ ಏನು ಬರೆದಿರಿ ಎಂದು ತಿಳಿಸಿ. ಪಕ್ಕದ ಮನೆಯ ಜರ್ಮನರಿಗೂ ಅವರ ಹೆಸರಿನ ಅರ್ಥ ಕೇಳಿ ನೋಡಿ. ಜನವರಿ ಕೊನೆಯೊಳಗೆ ಕೈ ಸೇರಿದರೆ ಯುಗಾದಿ ಸಂಚಿಕೆಯಲ್ಲಿ ಎಲ್ಲವನ್ನೂ ಹಾಕೋಣ.

ನಿಮ್ಮ,
ಸಂಪಾದಕ