ಪ್ಲಾಸ್ಟಿಕ್ ಹುಲ್ಲು ಹಾಸೋರು ರಿಪೇರಿನೂ ಮಾಡಿಕೊಡಲಿ

ಸಂಪಾದಕರಿಗೆ ನಮಸ್ಕಾರ,

ಬೆಂಗಳೂರಿನ ನಮ್ಮ ಬೀದೀಲಿ ಈಗ ಆರು ಮನೆ ಮುಂದೆ ಪ್ಲಾಸ್ಟಿಕ್ ಹುಲ್ಲು ಹಾಸಿದೆ, ಅದರಲ್ಲಿ ನಮ್ಮನೆನೂ ಒಂದು. 2024ರ ಮಾರ್ಚಲ್ಲಿ ನೀರಿಗೆ ಹಾಹಾಕಾರ ಆಗಿ, ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ, ಕಾರ್ ತೊಳೆದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತಲ್ಲ, ಆಗ ನಮ್ಮತ್ತೆ ಎಷ್ಟೋ ವರ್ಷದಿಂದ ಸಾಕಿದ್ದ ಗರಿಕೆ ಲಾನ್ ಪೂರ್ತಿ ಒಣಗಿಹೋಯ್ತು. ಮಣ್ಣು ಧೂಳು ಮನೆ ಒಳಗೆ ಬರ್ತಿದೆ ಅಂತ ನಮ್ಮೆಜಮಾನ್ರು ಈ ಹುಲ್ಲು ಹಾಕಿಸಿದ್ರು. ಹಾಕೋಕೆ ಬಂದೋರು ಹೇಳಿದ್ದು, "ಮೇಡಂ, ನೀರು ಬೇಡ, ಕತ್ರಿಸೋದು ಬೇಡ, ಮೇಂಟೆನೆನ್ಸೇ ಇಲ್ಲ." ಆ ಕೊನೇ ಮಾತು ನಿಜ ಅಲ್ಲ ಅಂತ ಹೇಳೋಕೇ ಈ ಪತ್ರ ಬರೀತಿದ್ದೀನಿ, ಯಾಕಂದ್ರೆ ಅದನ್ನ ನಂಬಿ ದುಡ್ಡು ಹಾಕ್ತಿರೋರು ದಿನಾ ಕಣ್ಣಿಗೆ ಬೀಳ್ತಿದ್ದಾರೆ.

ಮೊದಲನೇ ಮಳೆಗಾಲಕ್ಕೇ ವಾಸನೆ ಶುರುವಾಯ್ತು. ಮೂಲೆ ಎತ್ತಿ ನೋಡಿದ್ರೆ ಕೆಳಗೆ ಕಪ್ಪು ಕೆಸರು, ನೀರು ಇಳಿಯೋಕೆ ಅಂತ ಹಿಂಭಾಗದಲ್ಲಿ ಇರೋ ತೂತುಗಳಿಗೆಲ್ಲ ಮಣ್ಣು ಮೆತ್ಕೊಂಡು ಮುಚ್ಚಿಹೋಗಿತ್ತು. ಅವ್ರು ಮಣ್ಣು ತಟ್ಟಿ ಅದರ ಮೇಲೇ ಹಾಸಿಬಿಟ್ಟಿದ್ರು, ಜಲ್ಲಿ ಇಲ್ಲ, ವಾಟ ಇಲ್ಲ. ಆಮೇಲೆ ನಮ್ಮ ಗಾರೆ ಮೇಸ್ತ್ರಿನ ಕರೆಸಿ ಮೂರು ಇಂಚು ಅಗೆಸಿ, ಜಲ್ಲಿ ಹಾಕಿಸಿ, ಮೇಲೆ ಜಲ್ಲಿ ಪುಡಿ ಬಡಿಸಿ, ಗೇಟ್ ಕಡೆ ಛೇಂಬರಿಗೆ ವಾಟ ಕೊಡಿಸಿದ್ವಿ. ವಾಸನೆ ಹೋಯ್ತು.

ಅದಕ್ಕಿಂತ ವಿಚಿತ್ರ ಆಗಿದ್ದು ಎರಡನೇ ಬೇಸಿಗೇಲಿ. ಅಂಗಳದ ಮಧ್ಯೆ ಬಿಲ್ಲಿನ ಥರ ಬಾಗಿರೋ ಒಂದು ಪಟ್ಟಿ, ಗೇಣಗಲ, ಅಲ್ಲಿ ಹುಲ್ಲಿನ ಎಳೆಗಳು ಸುರುಟಿ ಒಂದಕ್ಕೊಂದು ಅಂಟಿಕೊಂಡಿದ್ವು, ಮುಟ್ಟಿದ್ರೆ ಗಟ್ಟಿ, ತಲೆ ಬಾಚಣಿಗೆ ಹಲ್ಲು ಬೆಂಕಿಗೆ ಹಿಡಿದ ಹಾಗೆ. ಮಕ್ಕಳು ಪಟಾಕಿ ಹಚ್ಚಿದ್ರೇನೋ ಅಂತ ಬೈದ್ವಿ ಕೂಡ, ಪಾಪ. ಒಂದಿನ ಮಧ್ಯಾಹ್ನ ಮೂರು ಗಂಟೆಗೆ ಬಟ್ಟೆ ತೆಗೆಯೋಕೆ ಹೋದಾಗ ಗೊತ್ತಾಯ್ತು, ಎದುರುಗಡೆ ಹೊಸ ಬಿಲ್ಡಿಂಗಿನ ಗಾಜಿಂದ ಬಿಸಿಲು ವಾಪಸ್ ಹೊಡೆದು ಸರಿಯಾಗಿ ಆ ಪಟ್ಟಿ ಮೇಲೇ ಬೀಳ್ತಿತ್ತು, ಕೈ ಇಟ್ರೆ ಇಡೋಕಾಗಲ್ಲ. ಇದು ಪಾಲಿಥಿಲೀನ್ ಎಳೆ, ಬರೀ ಬಿಸಿಲಿಗೆ ಕರಗಲ್ಲ, ಆದ್ರೆ ಗಾಜು ಬಿಸಿಲನ್ನ ಒಟ್ಟುಗೂಡಿಸಿ ಒಂದೇ ಕಡೆ ಬಿಟ್ರೆ ಕರಗುತ್ತೆ. ಎದುರು ಮನೆಯವ್ರು ಒಳ್ಳೆಯವ್ರು, ಹೇಳಿದ ತಕ್ಷಣ ಕಿಟಕಿ ಹೊರಗಡೆ ಬಿದಿರಿನ ಪರದೆ ಇಳಿಬಿಟ್ರು.

ಈಗ ಆ ಪಟ್ಟಿ ಸರಿ ಮಾಡಿಸಬೇಕಲ್ಲ, ಹಾಕಿದೋರಿಗೆ ಫೋನ್ ಮಾಡಿದ್ರೆ "ಸಣ್ಣ ಕೆಲಸಕ್ಕೆ ಬರಲ್ಲ ಮೇಡಂ, ಪೂರ್ತಿ ಚೇಂಜ್ ಮಾಡಿಸಿ" ಅಂದ್ರು. ಆರು ಅಡಿ ಉದ್ದದ ಒಂದು ಪಟ್ಟಿಗೋಸ್ಕರ ಇಡೀ ಅಂಗಳದ ಹುಲ್ಲು ಕಿತ್ತು ಬಿಸಾಕೋದಾ? ನನಗೆ ನಿಜವಾಗ್ಲೂ ಹೊಟ್ಟೆ ಉರೀತು.

ಕೊನೆಗೆ ನಾನೂ ಮೇಸ್ತ್ರಿನೂ ಸೇರಿ ಮಾಡಿದ್ವಿ, ಯಾರಿಗಾದ್ರೂ ಉಪಯೋಗಕ್ಕೆ ಬರಲಿ ಅಂತ ಹೇಳ್ತೀನಿ. ಮೇಲಿಂದ ಕತ್ತರಿಸಬಾರದು, ತಿರುಗಿಸಿ ಹಿಂಭಾಗ ನೋಡಿದ್ರೆ ಹೊಲಿಗೆ ಸಾಲು ಕಾಣುತ್ತೆ, ಎರಡು ಸಾಲಿನ ಮಧ್ಯೆ ಹೊಸ ಬ್ಲೇಡಿನ ಕಟರಲ್ಲಿ ಎಳೆದ್ರೆ ಎಳೆ ಬಿಚ್ಚಲ್ಲ. ಹಾಕೋ ತುಂಡಿನ ಎಳೆಗಳು ಯಾವ ಕಡೆ ಬಾಗಿವೆ ನೋಡಿ ಅದೇ ದಿಕ್ಕಿಗೆ ಕೂರಿಸ್ಬೇಕು, ಇಲ್ಲಾಂದ್ರೆ ದೂರದಿಂದ್ಲೇ ತೇಪೆ ಅಂತ ಎದ್ದು ಕಾಣುತ್ತೆ. ಕೆಳಗೆ ಜಾಯಿಂಟ್ ಟೇಪು, ಅದರ ಮೇಲೆ ಗಮ್ಮು, ಮೇಲೆ ಒಂದು ದಿನ ಇಟ್ಟಿಗೆ ಭಾರ. ಮಳೆ ಬರೋ ದಿನ ಈ ಕೆಲಸಕ್ಕೆ ಕೈ ಹಾಕ್ಬೇಡಿ, ಗಮ್ಮು ಹಿಡಿಯಲ್ಲ. ಆದ್ರೆ ಒಂದು ಸಮಸ್ಯೆ ಇತ್ತು, ಅಂಗಡಿಯಿಂದ ಹೊಸ ತುಂಡು ತಂದ್ರೆ ಅದು ಗಿಣಿ ಹಸಿರು, ನಮ್ಮದು ಬಿಸಿಲಿಗೆ ಬಣ್ಣ ಇಳಿದು ಮಾಸಲಾಗಿತ್ತು. ಆಗ ಮೇಸ್ತ್ರಿ ಹೇಳಿದ್ರು, ತುಳಸಿ ಕಟ್ಟೆ ಹಿಂದಿನ ಹುಲ್ಲು ತೆಗೆದು ಮಧ್ಯಕ್ಕೆ ಹಾಕಿ, ಹೊಸದನ್ನ ಕಟ್ಟೆ ಹಿಂದಕ್ಕೆ ಹಾಕೋಣಮ್ಮ ಅಂತ. ಎಷ್ಟು ಚೆನ್ನಾಗಿ ಕೂತಿದೆ ಅಂದ್ರೆ ಈಗ ಆ ಜಾಗ ನಾನೇ ಹುಡುಕಬೇಕು.

ಮಿಕ್ಕಿದ್ದು ಮನೆಯೋರೇ ಮಾಡ್ಕೋಬೋದು. ಹೊಂಗೆ ಎಲೆ ಬಿದ್ದಾಗ ಗುಡಿಸ್ಬೇಕು, ಬಿಟ್ರೆ ಕೊಳೆತು ಪಾಚಿ ಕಟ್ಟುತ್ತೆ. ಮಲಗಿರೋ ಎಳೆನ ನೈಲಾನ್ ಬ್ರಷ್ಷಲ್ಲಿ ಎದುರು ದಿಕ್ಕಿಗೆ ಗುಡಿಸಿ ಎಬ್ಬಿಸ್ಬೇಕು, ತಂತಿ ಬ್ರಷ್ ಮುಟ್ಟಿಸ್ಬೇಡಿ. ಬುಡಕ್ಕೆ ಒಣ ಸಿಲಿಕಾ ಮರಳು ಉದುರಿಸಿದ್ರೆ ಎಳೆ ನೆಟ್ಟಗೆ ನಿಲ್ಲುತ್ತೆ, ನಮಗೆ ಹಾಸಿದೋರು ಅದನ್ನೂ ಹಾಕಿರಲಿಲ್ಲ. ನಾಯಿ ಸಾಕಿರೋರು ದಿನಾ ಒಂದು ಬಕೆಟ್ ನೀರು ಹುಯ್ಯಲೇಬೇಕು, ಇಲ್ಲಾಂದ್ರೆ ಪಕ್ಕದ ಮನೆಗೂ ವಾಸನೆ. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಮಕ್ಕಳನ್ನ ಬಿಡ್ಲೇಬೇಡಿ, ಗರಿಕೆ ಮೇಲೆ ತಂಪಾಗಿ ಆಡ್ಕೊಂಡಿದ್ದ ನನ್ನ ಮಗ ಇದರ ಮೇಲೆ ಕಾಲಿಟ್ಟು ಕಿರುಚಿಕೊಂಡ. ತಣ್ಣಗೆ ಮಾಡೋಕೆ ನೀರು ಚಿಮುಕಿಸಿದ್ರೆ ಸ್ವಲ್ಪ ಹೊತ್ತು ಅಷ್ಟೆ, ಮತ್ತೆ ಕಾಯುತ್ತೆ. ಅಂದ್ರೆ ನೀರು ಬೇಡ ಅನ್ನೋ ಮಾತೂ ಪೂರ್ತಿ ನಿಜ ಅಲ್ಲ.

ಇದನ್ನ ಪೇಪರಿಗೆ ಬರೆಯೋಕೆ ಇನ್ನೊಂದು ಕಾರಣ ಇದೆ. ಪೂರ್ತಿ ಚೇಂಜ್ ಮಾಡಿಸಿ ಅಂತಾರಲ್ಲ, ಆ ಹಳೇ ಹುಲ್ಲು ಎಲ್ಲಿಗೆ ಹೋಗುತ್ತೆ? ಎಳೆ ಒಂದು ಪ್ಲಾಸ್ಟಿಕ್, ಹಿಂಭಾಗ ಇನ್ನೊಂದು, ಮೇಲೆ ಅಂಟು, ಮರಳು, ಬೇರೆ ಬೇರೆ ಮಾಡೋಕೇ ಕಷ್ಟ. ಕಸದ ಗಾಡಿಯವ್ರು ತಗೊಳ್ಳಲ್ಲ. ನಮ್ಮ ಬೀದಿ ಕೊನೇಲಿರೋ ಖಾಲಿ ಸೈಟಲ್ಲಿ ಎರಡು ಸುರುಳಿ ಬಿದ್ದಿತ್ತು, ಯಾರೋ ರಾತ್ರಿ ಬೆಂಕಿ ಹಚ್ಚಿಬಿಟ್ರು, ಆ ಹೊಗೆಗೆ ನಮ್ಮತ್ತೆಗೆ ರಾತ್ರಿಯೆಲ್ಲ ಕೆಮ್ಮು.

ಅದಕ್ಕೇ ಮಾರೋರಲ್ಲಿ ನನ್ನ ಬೇಡಿಕೆ ಇಷ್ಟೆ. ಕೆಳಗೆ ಏನು ಹಾಕ್ತೀರ ಅಂತ ಬಿಲ್ಲಲ್ಲಿ ಬರೆದು ಕೊಡಿ. ಹಾಸಿದ ಮೇಲೆ ಉಳಿಯೋ ತುಂಡುಗಳನ್ನ ವಾಪಸ್ ತಗೊಂಡು ಹೋಗ್ಬೇಡಿ, ಅದೇ ರೋಲಿಂದು ಎರಡು ಮೂರು ಅಡಿ ಮನೆಯವ್ರ ಹತ್ರಾನೇ ಬಿಡಿ, ನಾವು ಅದನ್ನ ತಾರಸಿ ಮೇಲೆ ಬಿಸಿಲಲ್ಲೇ ಇಟ್ಕೋತೀವಿ, ಬಣ್ಣ ಒಟ್ಟೊಟ್ಟಿಗೇ ಇಳೀಲಿ. ಸಣ್ಣ ರಿಪೇರಿಗೆ ಬಂದ್ರೆ ಕೂಲಿ ಕೊಡೋಕೆ ನಾವು ಹಿಂದೆಮುಂದೆ ನೋಡಲ್ಲ, ನಮ್ಮ ಮೇಸ್ತ್ರಿಗೆ ಅವತ್ತು ಅರ್ಧ ದಿನ ಹಿಡೀತು ಅಷ್ಟೆ, ಈಗ ಬೀದಿಯ ಇನ್ನೂ ಇಬ್ಬರು ಅವರನ್ನೇ ಕರೆಸ್ತಿದ್ದಾರೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು,
ಬೆಂಗಳೂರು