ಅತ್ತಿಗೆಗೆ, ಮತ್ತು ನಿಮ್ಮೆಲ್ಲರಿಗೂ

ಮೊನ್ನೆ ಸೋಮವಾರ ಬೆಳಗಿನ ಪ್ರಾರ್ಥನೆಯಿಂದ ಸಂಜೆ ಲಾಂಗ್ ಬೆಲ್ ಹೊಡೆಯುವ ತನಕ ಶಾಲೆಯಲ್ಲಿದ್ದೆ. ಇದಕ್ಕೆ ಹನ್ನೊಂದು ತಿಂಗಳು ಬೇಕಾಯಿತು. ಅದಕ್ಕೇ ಈ ಬರಹ.

ಕಳೆದ ನವೆಂಬರಿನಲ್ಲಿ ಸ್ಕೂಟಿಯಿಂದ ಬಿದ್ದದ್ದು, ಹೆಲ್ಮೆಟ್ ಬಿರುಕು ಬಿಟ್ಟದ್ದು ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಹೇಳುವುದಿಲ್ಲ. ಸಿ.ಟಿ. ಸ್ಕ್ಯಾನ್ ನಾರ್ಮಲ್ ಬಂತು, ಎಲ್ಲರೂ ದೇವರಿಗೆ ಕೈ ಮುಗಿದರು. ನನಗೆ ಮಾತ್ರ ಆ 'ನಾರ್ಮಲ್' ಅನ್ನೋ ಮಾತೇ ದಿನ ಹೋದಂತೆ ಭಾರವಾಯಿತು. ರಕ್ತ ಸೋರಿದ್ದರೆ, ಮೂಳೆ ಒಡೆದಿದ್ದರೆ ಸ್ಕ್ಯಾನಿನಲ್ಲಿ ಕಾಣುತ್ತದೆ. ಕನ್ಕಷನ್, ಅಂದರೆ ಪೆಟ್ಟಿಗೆ ಮಿದುಳು ಅಲುಗಿ ಆಗುವ ತೊಂದರೆ, ಸಾಮಾನ್ಯವಾಗಿ ಕಾಣುವುದಿಲ್ಲ. ನನಗೆ ಆಗ ಅದು ಗೊತ್ತಿರಲಿಲ್ಲ. ರಿಪೋರ್ಟ್ ಸರಿ ಇದೆ, ಹಾಗಾದರೆ ಟ್ಯೂಬ್‌ಲೈಟ್ ಹಾಕಿದರೆ ಕಣ್ಣು ಯಾಕೆ ಉರಿಯುತ್ತೆ, ಎರಡು ಸಾಲು ಓದಿದರೆ ಅಕ್ಷರ ಯಾಕೆ ತೇಲುತ್ತೆ ಎಂದು ನನ್ನನ್ನೇ ಅನುಮಾನಿಸತೊಡಗಿದೆ. ಹೆಚ್ಚಿನವರು ಒಂದು ತಿಂಗಳೊಳಗೆ ಸುಧಾರಿಸಿಕೊಳ್ಳುತ್ತಾರಂತೆ. ನಾನು ಆ ಹೆಚ್ಚಿನವರಲ್ಲಿ ಇರಲಿಲ್ಲ.

ಸುಧಾರಿಸಿಕೊಳ್ಳಲಿ ಎಂದು ಅಣ್ಣ ಸಾಗರದ ಹತ್ತಿರದ ತವರಿಗೆ ಕರೆದುಕೊಂಡು ಹೋದ. ಅಡಿಕೆ ಸುಲಿಯುವ ದಿನಗಳು. ಅಂಗಳದ ಚಪ್ಪರದಲ್ಲಿ ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿಯ ಸದ್ದು. ಹುಟ್ಟಿದಾಗಿನಿಂದ ಕೇಳಿದ ಸದ್ದೇ ಅದು. ಆ ವರ್ಷ ಒಂದೊಂದು ಅಡಿಕೆಯೂ ನನ್ನ ತಲೆಯೊಳಗೇ ಒಡೆದ ಹಾಗಾಗುತ್ತಿತ್ತು. ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಎರಡನೇ ದಿನವೇ ಅತ್ತಿಗೆ ಸುಲಿಯುವವರನ್ನೆಲ್ಲ ಮನೆಯ ಹಿಂದಿನ ಕೊಟ್ಟಿಗೆ ಬದಿಗೆ ಕೂರಿಸಿದ್ದಳು.

ಬಿದ್ದು ಮೂರನೇ ವಾರದ ಒಂದು ರಾತ್ರಿ ಎಂದು ಕಾಣುತ್ತದೆ. ಎರಡು ಗಂಟೆಗೆ ಎಚ್ಚರಾಯಿತು. ಎದೆ ಡವಡವ. ಕೈಕಾಲು ತಣ್ಣಗೆ. ತಲೆಯೊಳಗೆ ರಕ್ತ ಸೋರುತ್ತಿದೆ, ಬೆಳಗಾಗುವುದರೊಳಗೆ ನಾನಿರುವುದಿಲ್ಲ ಎಂದು ಖಾತ್ರಿಯಾಗಿಬಿಟ್ಟಿತು. ಈಗಲೇ ಶಿವಮೊಗ್ಗಕ್ಕೆ ಹೋಗಿ ಇನ್ನೊಂದು ಸ್ಕ್ಯಾನ್ ಮಾಡಿಸಿ ಎಂದು ಅಳತೊಡಗಿದೆ.

ಅಷ್ಟು ದಿನದಲ್ಲಿ 'ಏನೂ ಆಗಲ್ಲ ಸುಮ್ನಿರು' ಅನ್ನೋದನ್ನು ಎಷ್ಟು ಜನರಿಂದ ಕೇಳಿದ್ದೆನೋ. ಅತ್ತಿಗೆ ಹಾಗನ್ನಲಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟಿದ್ದ ಚೀಟಿ ಹುಡುಕಿ ತಂದಳು. ನನ್ನ ಕಣ್ಣಿಗೆ ಚುಚ್ಚಬಾರದೆಂದು ಟಾರ್ಚಿಗೆ ಸೆರಗು ಸುತ್ತಿ, ಒಂದೊಂದೇ ಓದಿ ಕೇಳಿದಳು. ವಾಂತಿ ಬರ್ತಿದೆಯಾ? ತಲೆನೋವು ನಿನ್ನೆಗಿಂತ ಜಾಸ್ತಿಯಾ? ನನ್ನ ಹೆಸರು ಹೇಳು. ಎರಡೂ ಕೈ ಎತ್ತು. ಎತ್ತಿದ ಕೈಗಳನ್ನು ಹಿಡಿದು, 'ಈಗ ನನ್ನ ಬೆರಳು ಹಿಸುಕು' ಎಂದಳು. ಅಡಿಕೆ ಚೊಗರಿಗೆ ಅವಳ ಹೆಬ್ಬೆರಳು ಕಪ್ಪಾಗಿತ್ತು, ಕತ್ತಿ ತಾಗಿದಲ್ಲಿ ಬಟ್ಟೆ ಚೂರು ಸುತ್ತಿದ್ದಳು.

'ಇದರಲ್ಲಿ ಒಂದು ಇದ್ದರೂ ನಿಮ್ಮಣ್ಣನ್ನ ಎಬ್ಬಿಸಿ ಈಗಲೇ ಹೊರಡೋದು. ಇಲ್ಲದಿದ್ರೆ ಬೆಳಗಿನ ತನಕ ಕೂತಿರೋದು. ಹೆದರಿಕೆ ಆದ್ರೆ ಆಗ್ಲಿ ಕೂಸೇ, ನಾ ಇಲ್ಲೇ ಇದೀನಿ.'

ಗಂಟೆಗೊಮ್ಮೆ ಮತ್ತೆ ಅದೇ ಚೀಟಿ, ಅದೇ ಪ್ರಶ್ನೆ. ಮೂರು ಸಲ ಕೇಳಿದಳು. ಮೂರನೇ ಸಲ ಬೆರಳು ಹಿಸುಕುವಾಗ ನನ್ನ ಕೈ ಬೆಚ್ಚಗಾಗಿತ್ತು. ಬೆಳಿಗ್ಗೆ ಅವಳಿಗೆ ಹಂಡೆಗಟ್ಟಲೆ ಅಡಿಕೆ ಬೇಯಿಸುವುದಿತ್ತು. ನಿದ್ದೆಗೆಟ್ಟ ಮಾತನ್ನು ಇವತ್ತಿಗೂ ಎತ್ತಿಲ್ಲ.

ಆ ವಾರವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟವಳೂ ಅವಳೇ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯಿಂದ ಮಾತಾಡಿದವರ ಹೆಸರು ನನಗೆ ಗೊತ್ತಿಲ್ಲ. ಅವರಿಗೂ ನಮಸ್ಕಾರ. ಮುಂದೆ ಕಂಡ ಡಾಕ್ಟರು ಎರಡು ವಿಷಯ ಬಿಡಿಸಿ ಹೇಳಿದರು. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಬಾರದು, ಮೊದಲ ಒಂದೆರಡು ದಿನದ ವಿಶ್ರಾಂತಿ ಆದ ಮೇಲೆ ನಿಧಾನಕ್ಕೆ ಓಡಾಡಬೇಕು. ಮತ್ತೆ, ಹೆದರಿಕೆಯಿಂದ ತಲೆಸುತ್ತು ಹೆಚ್ಚುತ್ತದೆ, ತಲೆಸುತ್ತಿನಿಂದ ಹೆದರಿಕೆ ಹೆಚ್ಚುತ್ತದೆ, ಆದರೆ ಎರಡೂ ನಿಜವೇ. 'ಎರಡೂ ನಿಜ' ಅಂದಾಗ ಅಲ್ಲೇ ಕಣ್ಣು ತುಂಬಿತು. ಮರುದಿನದಿಂದ ಅತ್ತಿಗೆ ಜೊತೆ ಕೆರೆ ಏರಿ ತನಕ ನಡಿಗೆ. ಮೊದಲ ದಿನ ಅರ್ಧಕ್ಕೇ ವಾಪಸ್.

ಅಣ್ಣನ ಮಗನನ್ನು ಮರೆಯಲಾರೆ. ಬಿದ್ದ ದಿನ ನಾನು ಚೆನ್ನಾಗೇ ಇದ್ದೆ, ಮರುದಿನವೇ ಎಲ್ಲ ಶುರುವಾದದ್ದು. ಇದು ನನ್ನ ಮನಸ್ಸಿನ ಭ್ರಮೆಯೇನೋ ಎಂದು ಕೊರಗುತ್ತಿದ್ದಾಗ ಅವನು ಆಸ್ಟ್ರೇಲಿಯಾದ ಕ್ರಿಕೆಟಿಗ ಸ್ಟೀವ್ ಸ್ಮಿತ್ ಕಥೆ ಹೇಳಿದ. 2019ರಲ್ಲಿ ಲಾರ್ಡ್ಸ್‌ನಲ್ಲಿ ಕುತ್ತಿಗೆಗೆ ಚೆಂಡು ಬಿದ್ದ ಮೇಲೂ ಕ್ರೀಸಿಗೆ ಮರಳಿ 92ಕ್ಕೆ ಔಟಾದನಂತೆ. ಮರುದಿನ ಆಡಲಾಗಲಿಲ್ಲ, ಬದಲಿ ಆಟಗಾರ ಬಂದ, ಮುಂದಿನ ಟೆಸ್ಟೂ ತಪ್ಪಿತು. 'ನಿಂಗೂ ಹಂಗೇ ಆಗಿದ್ದು ಅತ್ತೆ. ಆಮೇಲೆ ಬಂದು 211 ಹೊಡೆದ' ಎಂದ. ಕ್ರಿಕೆಟ್ ನೋಡದ ನನಗೆ ಆ ಅಂಕಿಗಳು ಇನ್ನೂ ಬಾಯಿಪಾಠ.

ಎರಡು ಮನೆ ತೂಗಿಸಿದ ನನ್ನವರು, ಜೂನ್‌ನಿಂದ ಅರ್ಧ ದಿನವೇ ಸಾಕು ಎಂದ ಹೆಡ್‌ಮಾಸ್ಟರು, ನನ್ನ ಪೇಪರ್ ತಿದ್ದಿಕೊಟ್ಟ ಸಹೋದ್ಯೋಗಿಗಳು, ಪಿಸುಮಾತಿನಲ್ಲೇ ಪದ್ಯ ಒಪ್ಪಿಸಿದ ಒಂಬತ್ತನೇ ಕ್ಲಾಸಿನ ಮಕ್ಕಳು, ಎಲ್ಲರಿಗೂ ಕೈ ಮುಗಿಯುತ್ತೇನೆ.

ಮಗಳಿಗೆ ಏನು ಹೇಳಲಿ? ಸ್ಟೀಲ್ ತಟ್ಟೆ ಕೈಜಾರಿ ಬಿದ್ದದ್ದಕ್ಕೆ ಅವಳ ಮೇಲೆ ಕಿರುಚಿದ್ದೆ. ಏಳು ವರ್ಷದ ಮಗು. ಆಮೇಲೆ ತಿಂಗಳುಗಟ್ಟಲೆ ಮನೆಯೊಳಗೆ ತುದಿಗಾಲಲ್ಲೇ ನಡೆದಳು. ಕ್ಷಮಿಸು ಪುಟ್ಟಿ. ಹೋದ ವಾರ ಅವಳು ಗೆಜ್ಜೆ ಕಟ್ಟಿಕೊಂಡು ಹಾಲ್ ತುಂಬ ಕುಣಿದಳು. ನಾನು ಕೂತು ಪೂರ್ತಿ ನೋಡಿದೆ.

ಇನ್ನೂ ಇಬ್ಬರು ಒಟ್ಟಿಗೆ ಮಾತಾಡಿದರೆ ತಲೆ ಹಿಡಿಯುತ್ತದೆ. ಸ್ಕೂಟಿ ಮುಟ್ಟಿಲ್ಲ. ಒಮ್ಮೊಮ್ಮೆ ರಾತ್ರಿ ಎದೆ ಹೊಡೆದುಕೊಳ್ಳುತ್ತದೆ. ಆಗ ಎದ್ದು ಕೂತು, ಎರಡೂ ಕೈ ಎತ್ತಿ ನೋಡಿಕೊಳ್ಳುತ್ತೇನೆ.

ಅತ್ತಿಗೆ, ಈ ಸಲದ ಕೊಯ್ಲು ಶುರುವಾಯಿತೆಂದು ಅಣ್ಣ ಹೇಳಿದ. ಶನಿವಾರ ಶಾಲೆ ಮುಗಿಸಿ ಬಸ್ ಹತ್ತುತ್ತೇನೆ. ಸುಲಿಯುವವರನ್ನು ಅಂಗಳಕ್ಕೇ ಕರೆ. ನನಗೂ ಒಂದು ಮೆಟ್ಟುಗತ್ತಿ ಎತ್ತಿಡು.