ಗೆಳೆಯನಿಗೊಂದು ಪತ್ರ: ಜುಲೈನಲ್ಲಿ ಸೆಕೆಂಡ್ ಬೇಸ್‌ಮನ್‌ಗಳ ಪಟ್ಟಿ ಮಾಡುವ ಬಗೆ

ಪ್ರಿಯ ಮಿತ್ರನಿಗೆ ನಮಸ್ಕಾರ.

ನಿನ್ನ ಪತ್ರ ತಲುಪಿತು. ನಮ್ಮ ಫ್ಯಾಂಟಸಿ ಬೇಸ್‌ಬಾಲ್ ಲೀಗಿಗಾಗಿ (ನಿಜವಾದ ಆಟಗಾರರನ್ನು ಆಯ್ದು ಕಾಗದದ ಮೇಲೆ ತಂಡ ಕಟ್ಟಿ, ಅವರ ನಿಜ ಅಂಕಿಗಳಿಂದ ಪೈಪೋಟಿ ನಡೆಸುವ ನಮ್ಮ ಆಟ) 2023ರ ಜುಲೈನಲ್ಲಿ ನಾನು ಬರೆದಿದ್ದ ಸೆಕೆಂಡ್ ಬೇಸ್‌ಮನ್‌ಗಳ, ಅಂದರೆ ಎರಡನೆಯ ಬೇಸ್ ಬಳಿ ಕಾಯುವ ಆಟಗಾರರ, ಪಟ್ಟಿಯನ್ನು ಎಲ್ಲಿಂದಲೋ ಹುಡುಕಿ ತೆಗೆದಿದ್ದೀಯ. ಜುಲೈನ ಆಲ್‌ಸ್ಟಾರ್ ವಿರಾಮದ ಹೊತ್ತಿಗೆ 0.383 ಸರಾಸರಿ (ನೂರು ಅವಕಾಶಕ್ಕೆ ಸುಮಾರು 38 ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ತಲುಪಿದ್ದು) ಇಟ್ಟುಕೊಂಡಿದ್ದ ಲೂಯಿಸ್ ಅರಾಯೆಸ್‌ನನ್ನು ಐದನೆಯ ಸ್ಥಾನಕ್ಕೆ ತಳ್ಳಿದ್ದು ಯಾವ ನ್ಯಾಯ ಎಂದು ಕೇಳಿದ್ದೀಯ. ಈ ಸಲ ಪಟ್ಟಿಯನ್ನು ನೀನೇ ಮಾಡುವುದಾಗಿಯೂ, ಇದುವರೆಗಿನ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿದರೆ ಕೆಲಸ ಮುಗಿಯಿತೆಂದೂ ಬರೆದಿರುವುದರಿಂದ, ಉತ್ತರವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮುಗಿದ ಪಂದ್ಯಗಳ ರನ್ನುಗಳು ಆಗಲೇ ಯಾರ ಖಾತೆಗೋ ಜಮೆಯಾಗಿವೆ. ಜುಲೈನಲ್ಲಿ ಟ್ರೇಡ್ ಮಾಡಿ, ಅಂದರೆ ಇನ್ನೊಬ್ಬರೊಡನೆ ಅದಲುಬದಲು ಮಾಡಿಕೊಂಡು, ಒಬ್ಬ ಆಟಗಾರನನ್ನು ತಂದುಕೊಂಡರೆ ನಿನಗೆ ಸಿಗುವುದು ಆತ ಇನ್ನು ಆಡಲಿರುವುದು ಮಾತ್ರ. ಅದೂ ಅರ್ಧ ಸೀಸನ್ ಎನ್ನುವುದು ಬಾಯಿಮಾತಿಗಷ್ಟೆ. ಆಲ್‌ಸ್ಟಾರ್ ವಿರಾಮ ಬರುವಷ್ಟರಲ್ಲಿ 162 ಪಂದ್ಯಗಳಲ್ಲಿ ಸುಮಾರು 90 ಮುಗಿದಿರುತ್ತವೆ. ಉಳಿಯುವ ಎಪ್ಪತ್ತೆರಡರಲ್ಲಿ ಯಾರು ಎಷ್ಟು ಕೊಡಬಲ್ಲರು ಎಂಬ ಅಂದಾಜೇ ಪಟ್ಟಿ.

ಅರಾಯೆಸ್‌ನ ಲೆಕ್ಕವನ್ನೇ ಬಿಡಿಸಿ ನೋಡು. 2022ರ ಕೊನೆಯವರೆಗೆ ಆತನ ವೃತ್ತಿಜೀವನದ ಸರಾಸರಿ 0.314 ಇತ್ತು, ಆ ವರ್ಷ ಮಿನ್ನೆಸೋಟ ತಂಡದ ಪರವಾಗಿ 0.316 ಹೊಡೆದು ಅಮೆರಿಕನ್ ಲೀಗಿನ (ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದು, ಇನ್ನೊಂದು ನ್ಯಾಷನಲ್ ಲೀಗ್) ಅತಿ ಹೆಚ್ಚು ಸರಾಸರಿಗೆ ಕೊಡುವ ಬ್ಯಾಟಿಂಗ್ ಪ್ರಶಸ್ತಿ ಗೆದ್ದಿದ್ದ. 2023ರಲ್ಲಿ ಮಯಾಮಿ ತಂಡಕ್ಕೆ ಬಂದ ಮೇಲೆ ಜೂನ್ ಕೊನೆಯ ಭಾಗದಲ್ಲಿಯೂ 0.400ರ ಸುತ್ತಮುತ್ತ ಇದ್ದವನನ್ನು ಕಂಡು ಎಲ್ಲರಿಗೂ ಹುಚ್ಚು ಹಿಡಿದಿತ್ತು. ಆದರೆ ಮೂರು ತಿಂಗಳ ಆಟ ಹಿಂದಿನ ನಾಲ್ಕು ಸೀಸನ್‌ಗಳ ಆಟವನ್ನು ಅಳಿಸಿಹಾಕುವುದಿಲ್ಲ. ಆತ ಸೀಸನ್ ಮುಗಿಸಿದ್ದು 0.354ರಲ್ಲಿ, ಅಂದರೆ ವಿರಾಮದ ನಂತರ ಆತ ಆಡಿದ್ದು 0.315ರ ಆಸುಪಾಸಿನಲ್ಲಿ, ಹೆಚ್ಚುಕಡಿಮೆ ತನ್ನ ಹಳೆಯ ಸರಾಸರಿಯಲ್ಲಿಯೇ. ಆ ವರ್ಷ ನ್ಯಾಷನಲ್ ಲೀಗಿನ ಬ್ಯಾಟಿಂಗ್ ಪ್ರಶಸ್ತಿಯೂ ಆತನಿಗೇ ದಕ್ಕಿತೆಂಬುದು ನಿಜ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ನನ್ನ ಪ್ರಶ್ನೆ ಬೇರೆ: ಜುಲೈನಲ್ಲಿ ಆತನಿಗಾಗಿ ಬೆಲೆ ತೆತ್ತವನು 0.383ರ ಬೆಲೆ ತೆತ್ತನೋ, 0.315ರ ಬೆಲೆ ತೆತ್ತನೋ?

ಈ ಎರಡರ ನಡುವಿನ ಅಂತರ ಎಷ್ಟೆಂಬುದನ್ನು ಒಂದು ಕಾಗದದ ತುಂಡಿನಲ್ಲಿ ಬರೆದು ನೋಡು. ನಿನ್ನ ಹದಿನಾಲ್ಕು ಬ್ಯಾಟರ್‌ಗಳು ಉಳಿದ ಅವಧಿಯಲ್ಲಿ ಒಟ್ಟು 3,000 ಅಟ್‌ಬ್ಯಾಟ್ (ಸರಾಸರಿಯ ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಅವಕಾಶ) ಪಡೆಯುತ್ತಾರೆ ಎಂದಿಟ್ಟುಕೋ. ಅದರಲ್ಲಿ ಸೆಕೆಂಡ್ ಬೇಸ್‌ಮನ್‌ನ ಪಾಲು 250. ಆ 250ರಲ್ಲಿ 0.260ರ ಸಾಧಾರಣ ಆಟಗಾರ 65 ಹಿಟ್ ಹೊಡೆಯುತ್ತಾನೆ, 0.383ರವನು 96 ಹೊಡೆಯುತ್ತಾನೆ, 0.315ರವನು 79. ಮೊದಲನೆಯವನಿಗಿಂತ 31 ಹಿಟ್ ಹೆಚ್ಚಾದರೆ ಇಡೀ ತಂಡದ ಸರಾಸರಿ 0.010ರಷ್ಟು ಮೇಲೇರುತ್ತದೆ; 14 ಹೆಚ್ಚಾದರೆ 0.005ಕ್ಕೂ ತುಸು ಕಡಿಮೆ. ಒಬ್ಬನೇ ಆಟಗಾರನಿಂದ ಅಷ್ಟು ಬಂದರೂ ಅದು ಅಲ್ಪವಲ್ಲ, ಸರಾಸರಿಯ ಅಂಕಣದಲ್ಲಿ ತಂಡಗಳು ಒತ್ತೊತ್ತಾಗಿ ನಿಂತಿದ್ದರೆ ಎರಡು ಮೂರು ಸ್ಥಾನ ಮೇಲೇರಿಸಬಲ್ಲದು. ಆದರೆ ನಮ್ಮ ಲೀಗಿನಲ್ಲಿ ತಂಡಗಳನ್ನು ಅಳೆಯುವ ಅಂಕಣಗಳು ಐದು: ರನ್, ಹೋಮ್ ರನ್, ಆರ್‌ಬಿಐ (ತನ್ನ ಬ್ಯಾಟಿಂಗ್‌ನಿಂದ ತಂಡಕ್ಕೆ ತಂದುಕೊಟ್ಟ ರನ್), ಸ್ಟೀಲ್ (ಹೊಡೆತವಿಲ್ಲದೆಯೇ ಓಡಿ ಮುಂದಿನ ಬೇಸ್ ಕದಿಯುವುದು), ಸರಾಸರಿ. ಇಡೀ 2023ರಲ್ಲಿ ಅರಾಯೆಸ್‌ನಿಂದ ಬಂದದ್ದು 71 ರನ್, 10 ಹೋಮ್ ರನ್, 69 ಆರ್‌ಬಿಐ, 3 ಸ್ಟೀಲ್. ಒಂದು ಅಂಕಣದ ರಾಜ, ಉಳಿದ ನಾಲ್ಕರಲ್ಲಿ ಪ್ರಜೆ. ಆತನ ಆಟ ನೋಡುವುದೆಂದರೆ ನನಗೆ ಇಷ್ಟ. 617 ಸಲ ಕ್ರೀಸಿಗೆ ಬಂದು ಕೇವಲ 34 ಸಲ ಸ್ಟ್ರೈಕೌಟ್ (ಮೂರು ಸ್ಟ್ರೈಕ್‌ಗೆ ಔಟ್) ಆದವನಲ್ಲಿ ನಮ್ಮ ದ್ರಾವಿಡ್ ಅವರ ತಾಳ್ಮೆ ಕಾಣುತ್ತದೆ. ಆದರೆ ಇಷ್ಟಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ.

ಇನ್ನು ನಾನು ಎರಡನೆಯ ಸ್ಥಾನ ಕೊಟ್ಟಿದ್ದ ಮಾರ್ಕಸ್ ಸಿಮಿಯನ್‌ನ ಮಾತು. ಆತನನ್ನು 'ಬೇಸರದ ಆಯ್ಕೆ' ಎಂದು ನೀನು ಕರೆದಿದ್ದೀಯ. ಬೇಸರವೆಂದು ನೀನು ತಳ್ಳಿಹಾಕುವ ಗುಣಕ್ಕೇ ನಾನು ಮಾರುಹೋಗಿದ್ದೇನೆ. 2021ರಲ್ಲಿ 162 ಪಂದ್ಯ, 2022ರಲ್ಲಿ 161, 2023ರಲ್ಲಿ ಮತ್ತೆ 162. ಟೆಕ್ಸಸ್ ತಂಡದ ಪರವಾಗಿ ಮೊದಲ ಬ್ಯಾಟರ್ ಆಗಿ ಬರುತ್ತಿದ್ದವನಿಗೆ 2023ರಲ್ಲಿ 753 ಸಲ ಬ್ಯಾಟ್ ಹಿಡಿಯುವ ಅವಕಾಶ ಸಿಕ್ಕಿತು. ಬ್ಯಾಟಿಂಗ್ ಕ್ರಮದಲ್ಲಿ ಒಂದು ಸ್ಥಾನ ಕೆಳಗಿಳಿದರೆ ಪಂದ್ಯಕ್ಕೆ ಸರಾಸರಿ ಒಂಬತ್ತನೇ ಒಂದು ಅವಕಾಶ ಕೈತಪ್ಪುತ್ತದೆ. 162 ಪಂದ್ಯಕ್ಕೆ ಹದಿನೆಂಟು, ಉಳಿದ 72 ಪಂದ್ಯಕ್ಕೆ ಎಂಟು. ಅಂದರೆ ಮೊದಲನೆಯವನಾಗಿ ಬರುವವನಿಗೂ ಆರನೆಯವನಾಗಿ ಬರುವವನಿಗೂ ವಿರಾಮದ ನಂತರವೇ ನಲವತ್ತು ಅವಕಾಶಗಳ ವ್ಯತ್ಯಾಸ. ಹೋಮ್ ರನ್ನಿನ ಅಂಕಿ ನೋಡುವ ಮೊದಲು ತಂಡದ ಆ ವಾರದ ಬ್ಯಾಟಿಂಗ್ ಕ್ರಮವನ್ನು ನೋಡು ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಸಿಮಿಯನ್‌ನಿಂದ ಕಲಿಯಬೇಕಾದ ಇನ್ನೊಂದು ಸಂಗತಿ 2022ರಲ್ಲಿದೆ. ಆ ವರ್ಷ ಮೇ ತಿಂಗಳು ಮುಗಿಯುತ್ತ ಬಂದರೂ ಆತನ ಹೆಸರಿನಲ್ಲಿ ಒಂದೇ ಒಂದು ಹೋಮ್ ರನ್ ಇರಲಿಲ್ಲ. ಲೀಗ್ ಲೀಗಿನಲ್ಲೂ ಜನ ಆತನನ್ನು ಸಿಕ್ಕಷ್ಟಕ್ಕೆ ಮಾರಿಕೊಂಡರು. ಸೀಸನ್ ಮುಗಿದಾಗ ಆತನ ಲೆಕ್ಕದಲ್ಲಿದ್ದದ್ದು 26 ಹೋಮ್ ರನ್, 25 ಸ್ಟೀಲ್. ಅರಾಯೆಸ್‌ನದು ಮೇಲಿಂದ ಕೆಳಗಿಳಿದ ಕಥೆಯಾದರೆ ಇದು ಕೆಳಗಿಂದ ಮೇಲೇರಿದ ಕಥೆ; ಎರಡರಲ್ಲಿಯೂ ಆಟಗಾರ ತನ್ನ ಹಳೆಯ ಮಟ್ಟಕ್ಕೇ ಬಂದು ನಿಂತ. 2023ರಲ್ಲಂತೂ 122 ರನ್, 29 ಹೋಮ್ ರನ್, 100 ಆರ್‌ಬಿಐ, 14 ಸ್ಟೀಲ್, 0.276, ಐದರಲ್ಲಿ ಯಾವ ಅಂಕಣವೂ ಸೊರಗಲಿಲ್ಲ.

ಅಗ್ರಸ್ಥಾನದಲ್ಲಿ ಮೂಕಿ ಬೆಟ್ಸ್ ಇದ್ದುದಕ್ಕೆ ನಿನ್ನ ತಕರಾರಿಲ್ಲ, ಆದರೆ ಔಟ್‌ಫೀಲ್ಡರ್ (ಬೇಸ್‌ಗಳಿಂದಾಚೆ, ಮೈದಾನದ ದೂರದ ಭಾಗದಲ್ಲಿ ನಿಲ್ಲುವವನು) ಈ ಪಟ್ಟಿಗೆ ಬಂದದ್ದು ಹೇಗೆ ಎಂದು ಕೇಳಿದ್ದೀಯ. ಗ್ಯಾವಿನ್ ಲಕ್ಸ್‌ಗೆ ಸೀಸನ್ ಆರಂಭಕ್ಕೆ ಮುನ್ನವೇ ಮೊಣಕಾಲಿನ ಪೆಟ್ಟಾದ್ದರಿಂದ ಅವರಿಬ್ಬರ ಡಾಡ್ಜರ್ಸ್ ತಂಡದ ಇನ್‌ಫೀಲ್ಡ್ (ಬೇಸ್‌ಗಳ ಬಳಿಯ ಸ್ಥಾನಗಳು) ಬರಿದಾಯಿತು. ಮೂಲತಃ ಸೆಕೆಂಡ್ ಬೇಸ್‌ನಲ್ಲಿಯೇ ಬೆಳೆದುಬಂದಿದ್ದ ಬೆಟ್ಸ್ ಆಗಾಗ ಅಲ್ಲಿಗೆ ಮರಳಿದ. ಫ್ಯಾಂಟಸಿ ತಂಡದಲ್ಲಿ ಆಟಗಾರನನ್ನು ಹೊಸ ಸ್ಥಾನದಲ್ಲಿ ಕೂರಿಸಲು ಆತ ಅಲ್ಲಿ ಎಷ್ಟು ಪಂದ್ಯ ಆಡಿರಬೇಕೆಂಬುದು ಲೀಗಿನಿಂದ ಲೀಗಿಗೆ ಬದಲಾಗುತ್ತದೆ, ಅದನ್ನು ಮೊದಲು ಓದಿಕೋ. ಔಟ್‌ಫೀಲ್ಡರ್‌ಗಳು ಬೇಕಾದಷ್ಟು ಸಿಗುತ್ತಾರೆ. ತೋಳಿನಲ್ಲಿ ಬಲವಿರುವವರನ್ನು ತಂಡಗಳು ಶಾರ್ಟ್‌ಸ್ಟಾಪ್ ಮತ್ತು ಥರ್ಡ್ ಬೇಸ್‌ನಲ್ಲಿ ನಿಲ್ಲಿಸಿಕೊಳ್ಳುವುದರಿಂದ ಸೆಕೆಂಡ್ ಬೇಸ್‌ನಲ್ಲಿ ಒಳ್ಳೆಯ ಬ್ಯಾಟರ್‌ಗಳು ಬೇಗನೆ ಮುಗಿದುಹೋಗುತ್ತಾರೆ. 39 ಹೋಮ್ ರನ್, 126 ರನ್ ಕೊಟ್ಟವನು ಆ ಜಾಗದಲ್ಲಿ ಕೂತರೆ ಅದಕ್ಕಿಂತ ದೊಡ್ಡ ಲಾಭ ಬೇರಿಲ್ಲ.

ಮೂರನೆಯವನು ಓಜಿ ಆಲ್ಬೀಸ್. 2022ರಲ್ಲಿ ಪಾದದ ಮೂಳೆ ಮುರಿದು 64 ಪಂದ್ಯಕ್ಕೇ ನಿಂತವನು ಮರುವರ್ಷ 33 ಹೋಮ್ ರನ್, 109 ಆರ್‌ಬಿಐ ಗಳಿಸಿದ. ಆತನ ಮುಂದೆ ಬ್ಯಾಟ್ ಹಿಡಿಯುತ್ತಿದ್ದವನು 73 ಬೇಸ್ ಕದ್ದ ರೊನಾಲ್ಡ್ ಅಕುನ್ಯಾ, ಸುತ್ತ ಇದ್ದದ್ದು 307 ಹೋಮ್ ರನ್ ಹೊಡೆದು ದಾಖಲೆ ಸರಿಗಟ್ಟಿದ ಅಟ್ಲಾಂಟಾ ತಂಡ. ಆರ್‌ಬಿಐ ಎಂಬುದು ಅರ್ಧ ನೆರೆಹೊರೆಯವರ ಕೊಡುಗೆ.

ನಾಲ್ಕನೆಯ ಸ್ಥಾನದಲ್ಲಿ ಹೊಸೆ ಅಲ್ಟುವೆಯನ್ನು ಇಟ್ಟದ್ದು ಧೈರ್ಯದ ಕೆಲಸ. ಮಾರ್ಚ್‌ನಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಆಡುವಾಗ ಚೆಂಡು ತಾಗಿ ಹೆಬ್ಬೆರಳು ಮುರಿದುಕೊಂಡಿದ್ದವನು ಜುಲೈನಲ್ಲಿ ಮತ್ತೆ ಗಾಯಾಳುಗಳ ಪಟ್ಟಿಯಲ್ಲಿದ್ದ. ಮೊತ್ತದ ಪ್ರಕಾರ ಜೋಡಿಸಿದರೆ ಆತನ ಹೆಸರು ಕಣ್ಣಿಗೇ ಬೀಳುತ್ತಿರಲಿಲ್ಲ. ಆದರೆ ಆತ ವರ್ಷವಿಡೀ ಆಡಿದ 90 ಪಂದ್ಯಗಳಲ್ಲೇ 17 ಹೋಮ್ ರನ್, 14 ಸ್ಟೀಲ್, 0.311 ಸರಾಸರಿ ಬಂದವು. ಗಾಯದಿಂದ ಮರಳುವವನನ್ನು ಪಂದ್ಯವೊಂದಕ್ಕೆ ಎಷ್ಟು ಎಂದು ಅಳೆಯಬೇಕು, ಆಮೇಲೆ ಎಷ್ಟು ಪಂದ್ಯ ಉಳಿದಿವೆ ಎಂದು ಗುಣಿಸಬೇಕು.

ಆರನೆಯ ನಿಕೊ ಹೋರ್ನರ್ ವಿಷಯದಲ್ಲಿ ಮಾತ್ರ ನಿನ್ನ ತಂಡದ ಸ್ಥಿತಿಯೇ ತೀರ್ಪುಗಾರ. 2023ರಲ್ಲಿ ಬೇಸ್‌ಗಳ ಅಗಲ 15 ಅಂಗುಲದಿಂದ 18ಕ್ಕೆ ಏರಿತು, ಪಿಚರ್ ಓಟಗಾರನತ್ತ ಚೆಂಡೆಸೆದು ತಡೆಯುವುದಕ್ಕೆ ಮಿತಿ ಬಂತು; ಮೇಜರ್ ಲೀಗಿನ ಒಟ್ಟು ಸ್ಟೀಲ್‌ಗಳು 2,486ರಿಂದ 3,503ಕ್ಕೆ ಜಿಗಿದವು. ಹೋರ್ನರ್ 43 ಬೇಸ್ ಕದ್ದ, ಆದರೆ ಎಲ್ಲರ ಬಳಿಯೂ ಇರುವ ನಾಣ್ಯಕ್ಕೆ ಬೆಲೆ ಇಳಿಯುತ್ತದೆ. ಸ್ಟೀಲ್ ಅಂಕಣದಲ್ಲಿ ನೀನು ಮುಂದಿನವನಿಗಿಂತ ನಾಲ್ಕೈದು ಹಿಂದಿದ್ದರೆ ಆತ ನಿನಗೆ ಮೂರನೆಯವನು. ಮೂವತ್ತು ಹಿಂದಿದ್ದರೆ ಹತ್ತನೆಯವನು.

ಗ್ಲೇಬರ್ ಟೋರೆಸ್ ಮತ್ತು ಕೆಟೆಲ್ ಮಾರ್ಟೆ ನಡುವೆ ಕೂದಲು ಸೀಳುವ ಅಗತ್ಯವಿಲ್ಲ. ಇಬ್ಬರೂ ಆ ವರ್ಷ 25 ಹೋಮ್ ರನ್ ಹೊಡೆದರು, ಅಗ್ಗಕ್ಕೆ ಸಿಕ್ಕವನನ್ನು ತೆಗೆದುಕೊಳ್ಳಬಹುದಿತ್ತು. ಮೇ ಮಧ್ಯದಲ್ಲಿ ಸಿನ್ಸಿನಾಟಿಗೆ ಬಂದ ಮ್ಯಾಟ್ ಮೆಕ್ಲೇನ್‌ನಂಥ ಹೊಸಬರಿಗೆ ಹಿಂತಿರುಗಿ ನೋಡಲು ಹಳೆಯ ಮಟ್ಟವೇ ಇರುವುದಿಲ್ಲ. ಅಂಥವರನ್ನು ನಾನು ಮೊದಲ ಹತ್ತರ ಅಂಚಿನಲ್ಲಿ ನಿಲ್ಲಿಸುತ್ತೇನೆ.

ಈ ವರ್ಷದ ಹೆಸರುಗಳನ್ನು ಬರೆದು ಕಳಿಸು. ಜೊತೆಗೆ ಐದೂ ಅಂಕಣಗಳಲ್ಲಿ ನಿನ್ನ ತಂಡ ಎಷ್ಟನೆಯದು, ಮೇಲಿನವನಿಗೂ ನಿನಗೂ ಅಂತರವೆಷ್ಟು ಎಂಬುದನ್ನೂ ಬರೆ. ಅದಿಲ್ಲದೆ ನಾನು ಯಾರನ್ನೂ ಮೇಲೆ ಕೆಳಗೆ ಮಾಡಲಾರೆ. ಟ್ರೇಡ್ ಗಡುವಿಗೆ ಎರಡು ದಿನ ಮೊದಲು ನನ್ನ ಕೈಸೇರಿದರೆ ಸಾಕು.

ಇಂತಿ,
ನಿನ್ನ ಗೆಳೆಯ